ಒಡನಾಡಿಗಳು ಒಲಿದ ಮೇಲೆ: ಕೊರಿಯಾದ ಚಿತ್ರಕಥೆ, ಮಲೆನಾಡಿನ ಓದು

ಒಟ್ಟಿಗೆ ಆಡಿ ಬೆಳೆದ ಇಬ್ಬರು ಪ್ರಾಯಕ್ಕೆ ಬಂದ ಮೇಲೆ ಒಬ್ಬರಿಗೊಬ್ಬರು ಒಲಿಯುವ ಕಥೆಗಳ ಕುತೂಹಲವೆಲ್ಲ ಅಡಗಿರುವುದು ಆ ಒಲವಿಗೆ ಅಡ್ಡ ಬರುವ ಸಂಗತಿಯಲ್ಲಿ. ಆ ಅಡ್ಡಿ ಯಾವುದೆಂಬುದನ್ನು ನಿರ್ಧರಿಸುವುದಾದರೋ ಕಥೆ ಹುಟ್ಟಿದ ಸಮಾಜದ ನಂಟಸ್ತಿಕೆ, ಆಸ್ತಿ ಮತ್ತು ಮದುವೆಯ ಕಟ್ಟುಪಾಡುಗಳು. ಇಂದು ಕಾಲೇಜು ವಯಸ್ಸಿನ ಓದುಗರು ಮೊಬೈಲಿನಲ್ಲಿ ಹುಡುಕಿ ಓದುವ ಪ್ರೇಮಕಥೆಗಳಲ್ಲಿ ಕೊರಿಯಾದ ಚಿತ್ರಕಥೆಗಳೂ ಸೇರಿವೆ, ಅವುಗಳಲ್ಲಿ ಬಾಲ್ಯದ ಗೆಳೆಯರು ಪ್ರೇಮಿಗಳಾಗುವ ಬಗೆಯದಕ್ಕೆ ವಿಶೇಷವಾದ ಬೇಡಿಕೆಯಿದೆ. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡಿನಂಥ ಕಡೆಯ ಓದುಗರು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಏಕೆ ಆರಿಸಿಕೊಳ್ಳಬೇಕು ಎಂಬುದನ್ನು ವಿಚಾರಿಸಬೇಕಾದರೆ, ಕಥೆಗಳ ಪಟ್ಟಿಗಿಂತ ಮೊದಲು ಈ ಅಡ್ಡಿಯ ಸ್ವರೂಪವನ್ನೇ ನೋಡುವುದು ಒಳ್ಳೆಯದು.

ವಾರಕ್ಕೊಂದು ಕಂತು

ಕೊರಿಯಾದಲ್ಲಿ ರಚಿತವಾದ ಚಿತ್ರಕಥೆಗೆ ಮಾನ್‌ಹ್ವಾ ಎಂದು ಹೆಸರು. ಜಪಾನಿನ ಮಾಂಗಾ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕಾದರೆ, ಮಾನ್‌ಹ್ವಾವನ್ನು ಕನ್ನಡದ ಪುಸ್ತಕಗಳಂತೆಯೇ ಎಡದಿಂದ ಬಲಕ್ಕೆ ಓದಲಾಗುತ್ತದೆ. ಮೊದಲು ಮುದ್ರಿತ ಪುಸ್ತಕಗಳಾಗಿ ಬರುತ್ತಿದ್ದ ಈ ಚಿತ್ರಕಥೆಗಳಿಗೆ 2003ರಲ್ಲಿ ಡೌಮ್, 2004ರಲ್ಲಿ ನೇವರ್ ಎಂಬ ಕೊರಿಯಾದ ಅಂತರ್ಜಾಲ ಸಂಸ್ಥೆಗಳು ತಮ್ಮ ತಾಣಗಳಲ್ಲಿ ಪ್ರತ್ಯೇಕ ವಿಭಾಗಗಳನ್ನು ತೆರೆದ ಬಳಿಕ ವೆಬ್‌ಟೂನ್ ಎಂಬ ಹೊಸ ರೂಪ ದೊರೆಯಿತು. ಇದರಲ್ಲಿ ಪುಟ ತಿರುಗಿಸುವ ಪ್ರಮೇಯವೇ ಇಲ್ಲ; ಚಿತ್ರಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿಯುತ್ತ ಹೋಗುತ್ತವೆ, ಓದುಗರು ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋಗುತ್ತಾರೆ. ಪ್ರೇಮಕಥೆಗೆ ಈ ಉದ್ದನೆಯ ಹಾಳೆ ಬಹಳ ಅನುಕೂಲವಾಗಿ ಒದಗಿತು. ಗೆಳತಿ ಕೇಳಿದ ಪ್ರಶ್ನೆಗೂ ಗೆಳೆಯ ಕೊಡುವ ಉತ್ತರಕ್ಕೂ ನಡುವೆ ಕಲಾವಿದರು ಏನನ್ನೂ ಬರೆಯದ ಖಾಲಿ ಜಾಗವನ್ನು ಎಷ್ಟು ಬೇಕಾದರೂ ಬಿಡಬಹುದು, ಆ ಖಾಲಿ ಜಾಗವನ್ನು ದಾಟಲು ಬೆರಳಿಗೆ ಹಿಡಿಯುವ ಹೊತ್ತೇ ಪಾತ್ರದ ಹಿಂಜರಿಕೆಯ ಹೊತ್ತಾಗಿ ಓದುಗರ ಅನುಭವಕ್ಕೆ ಬರುತ್ತದೆ.

ಇಂಥ ಕಥೆಗಳು ಸಾಮಾನ್ಯವಾಗಿ ವಾರಕ್ಕೊಂದು ಕಂತಿನಂತೆ ಪ್ರಕಟವಾಗುತ್ತವೆ ಎಂಬುದು ಕನ್ನಡದ ಓದುಗರಿಗೆ ವಿಚಿತ್ರವೆನಿಸಬೇಕಾಗಿಲ್ಲ. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮುಂತಾದ ವಾರಪತ್ರಿಕೆಗಳ ಧಾರಾವಾಹಿಗಳನ್ನು ಮನೆಮಂದಿಯೆಲ್ಲ ಸರದಿಯ ಮೇಲೆ ಓದಿ, ಮುಂದಿನ ವಾರದ ಸಂಚಿಕೆಗೆ ಕಾದು ಕುಳಿತ ತಲೆಮಾರೊಂದು ಕರ್ನಾಟಕದಲ್ಲಿ ಇದೆ. ಕಂತಿನ ಕೊನೆಯಲ್ಲಿ ಕಥೆಯನ್ನು ಎಲ್ಲಿ ತಡೆದು ನಿಲ್ಲಿಸಬೇಕೆಂಬ ಜಾಣ್ಮೆ ಎರಡೂ ಕಡೆ ಒಂದೇ ತೆರನಾದದ್ದು.

ಸೋದರ ಸಂಬಂಧದ ನಾಡಿನಲ್ಲಿ

ಹೇಮಾವತಿಯ ದಂಡೆಯ ಸಕಲೇಶಪುರದ ಸುತ್ತಲೂ, ಅದಕ್ಕೆ ಪೂರ್ವದಲ್ಲಿ ಹಾಸನದ ಬಯಲಿನತ್ತ ಇಳಿಯುವ ಆಲೂರಿನಲ್ಲೂ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿಲ್ಲ. ಕಾಫಿ ತೋಟ, ಗದ್ದೆ, ಕಾಡುಗಳ ನಡುವೆ ಒಂಟಿಮನೆಗಳು, ಅಲ್ಲೊಂದು ಇಲ್ಲೊಂದು ಸಾಲಾಗಿ ಕಟ್ಟಿದ ಕೂಲಿಕಾರರ ಲೈನ್ ಮನೆಗಳು ಹರಡಿಕೊಂಡಿರುವುದರಿಂದ, ಮಗುವೊಂದಕ್ಕೆ ಆಟಕ್ಕೆ ಸಿಗುವ ಜೊತೆಗಾರರ ಸಂಖ್ಯೆ ಕಡಿಮೆ. ಕಾಡಾನೆ ಓಡಾಡುವ ಹಾದಿಯಲ್ಲಿ ಬಸ್ಸಿನ ನಿಲ್ದಾಣದವರೆಗೆ ಒಂಟಿಯಾಗಿ ನಡೆಯುವಂತಿಲ್ಲವಾದ್ದರಿಂದ ಶಾಲೆಯ ಮಕ್ಕಳು ಜೊತೆಗೂಡಿಯೇ ಹೋಗಬೇಕಾಗುತ್ತದೆ, ಹೀಗೆ ಪಕ್ಕದ ತೋಟದ ಒಬ್ಬ ಹುಡುಗನೋ ಹುಡುಗಿಯೋ ವರ್ಷಗಟ್ಟಲೆ ಏಕೈಕ ಒಡನಾಡಿಯಾಗಿ ಉಳಿಯುವುದು ಈ ಗುಡ್ಡಗಳಲ್ಲಿ ಸಹಜ.

ಆ ಒಡನಾಡಿ ನೆಂಟರ ಮಗುವಾಗಿದ್ದರೆ ಸಂಬಂಧದ ಸ್ವರೂಪವನ್ನು ಕನ್ನಡದ ನಂಟಸ್ತಿಕೆ ಮೊದಲೇ ಗೊತ್ತುಮಾಡಿಟ್ಟಿರುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳು ಅಣ್ಣ-ತಂಗಿ, ಅಕ್ಕ-ತಮ್ಮಂದಿರು. ಸೋದರತ್ತೆ ಮತ್ತು ಸೋದರಮಾವನ ಮಕ್ಕಳು ಮಾತ್ರ ಮದುವೆಗೆ ಸಲ್ಲುವವರು. ದಕ್ಷಿಣ ಭಾರತದ ಈ ಏರ್ಪಾಡನ್ನು ಮಾನವಶಾಸ್ತ್ರಜ್ಞರು ದ್ರಾವಿಡ ಬಂಧುತ್ವ ಪದ್ಧತಿ ಎಂದು ಕರೆಯುತ್ತಾರೆ, ಫ್ರಾನ್ಸಿನ ವಿದ್ವಾಂಸ ಲೂಯಿ ದ್ಯುಮೋ 1953ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಲ್ಲಿನ ಬಂಧುವಾಚಕಗಳೇ ಮದುವೆಯ ನಿಯಮವನ್ನು ಸೂಚಿಸುತ್ತವೆ ಎಂದು ವಾದಿಸಿದರು. 1955ರ ಹಿಂದೂ ವಿವಾಹ ಕಾಯ್ದೆಯು ಅಣ್ಣತಂಗಿಯರ ಮಕ್ಕಳ ನಡುವಿನ ಮದುವೆಯನ್ನು ನಿಷಿದ್ಧ ಸಂಬಂಧಗಳ ಸಾಲಿಗೆ ಸೇರಿಸಿದರೂ, ಆಯಾ ಸಮುದಾಯದ ರೂಢಿ ಒಪ್ಪಿದರೆ ಅಂಥ ಮದುವೆ ಸಿಂಧುವೆಂದು ಅವಕಾಶ ಬಿಟ್ಟಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು.

ಇದರ ಪರಿಣಾಮವಾಗಿ ಮಲೆನಾಡಿನ ಕಥೆಗಳಲ್ಲಿ ಬಾಲ್ಯದ ಒಡನಾಟವು ಪ್ರೇಮಕ್ಕೆ ತಿರುಗುವುದು ಯಾರಿಗೂ ಆಶ್ಚರ್ಯದ ವಿಷಯವಾಗುವುದಿಲ್ಲ. ಕಷ್ಟವೆಲ್ಲ ಹಿರಿಯರ ತೀರ್ಮಾನದಲ್ಲಿರುತ್ತದೆ. ತೀರ್ಥಹಳ್ಳಿಯ ಕಡೆಯ ಬದುಕನ್ನು ಚಿತ್ರಿಸಿದ ಕುವೆಂಪು ಅವರ ಎರಡು ಕಾದಂಬರಿಗಳು ಇದಕ್ಕೆ ಉತ್ತಮ ಉದಾಹರಣೆಗಳು. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಹೂವಯ್ಯನೂ ಮುತ್ತಳ್ಳಿಯ ಸೀತೆಯೂ ಪರಸ್ಪರ ಒಲಿದಿದ್ದರೂ, ಮನೆತನದ ಹಟ ಮತ್ತು ಲೆಕ್ಕಾಚಾರಗಳ ನಡುವೆ ಸೀತೆಯನ್ನು ರಾಮಯ್ಯ ಎಂಬವನಿಗೆ ಕೊಟ್ಟು ಮದುವೆ ಮಾಡಲಾಗುತ್ತದೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೂವಳ್ಳಿಯ ಚಿನ್ನಮ್ಮನಿಗೆ ಬಾಲ್ಯದಿಂದ ಬಲ್ಲ ಕೋಣೂರಿನ ಮುಕುಂದಯ್ಯನ ಮೇಲೆ ಮನಸ್ಸು, ತಂದೆ ಒಪ್ಪಿಕೊಂಡಿರುವುದು ಆಗಲೇ ಹೆಂಡತಿಯಿರುವ ಸಿಂಬಾವಿಯ ಭರಮೈಹೆಗ್ಗಡೆಯನ್ನು. ಮದುವೆಯ ಇರುಳಿನಲ್ಲಿ ಪೀಂಚಲು ಎಂಬಾಕೆಯ ನೆರವು ಪಡೆದು ಚಿನ್ನಮ್ಮ ಮನೆಯಿಂದ ತಪ್ಪಿಸಿಕೊಂಡು ಹುಲಿಕಲ್ಲು ನೆತ್ತಿಯ ಕಾಡನ್ನು ಸೇರುವ ಭಾಗ ಕನ್ನಡದ ಪ್ರೇಮಕಥನಗಳಲ್ಲೇ ಅತ್ಯಂತ ಬಿಗಿಯಾದವುಗಳಲ್ಲಿ ಒಂದು. ಆ ಇರುಳಿನಲ್ಲಿ ಆಕೆಗೆ ತನ್ನ ಒಲವಿನ ಬಗ್ಗೆ ಸಂಶಯವಿಲ್ಲ. ಆಕೆ ದಾಟಬೇಕಾಗಿರುವುದು ತಂದೆಯ ಮನೆಯ ಹಿತ್ತಿಲನ್ನು.

ಕೊರಿಯಾದ ನೆರೆಮನೆ

ಕೊರಿಯಾದ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದೇ ಕುಲನಾಮ ಮತ್ತು ಒಂದೇ ಮೂಲಸ್ಥಳಕ್ಕೆ ಸೇರಿದ ಗಂಡುಹೆಣ್ಣುಗಳು, ಎಷ್ಟೇ ದೂರದ ನೆಂಟರಾಗಿದ್ದರೂ, ಮದುವೆಯಾಗಕೂಡದೆಂಬ ಕಟ್ಟಳೆ ಅಲ್ಲಿನ ನಾಗರಿಕ ಸಂಹಿತೆಯಲ್ಲಿತ್ತು. ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1997ರಲ್ಲಿ ತೀರ್ಪಿತ್ತ ಮೇಲೆ 2005ರಲ್ಲಿ ಕಾನೂನನ್ನು ತಿದ್ದಲಾಯಿತು. ಆದರೂ ಎಂಟನೇ ಹಂತದವರೆಗಿನ ರಕ್ತಸಂಬಂಧಿಗಳ ನಡುವಣ ಮದುವೆಗೆ ಇಂದಿಗೂ ಅಲ್ಲಿ ನಿಷೇಧವಿದೆ. ಆದ್ದರಿಂದ ಕೊರಿಯಾದ ಕಥೆಯಲ್ಲಿ ಬಾಲ್ಯದ ಗೆಳೆಯನೆಂದರೆ ಅತ್ತೆಯ ಮಗನಾಗಿರಲು ಸಾಧ್ಯವೇ ಇಲ್ಲ, ಆತ ನೆರೆಮನೆಯವನೋ ಶಾಲೆಯ ಸಹಪಾಠಿಯೋ ಆಗಿರುತ್ತಾನೆ. ಮದುವೆಯ ಮಾತನ್ನು ಸಾಮಾನ್ಯವಾಗಿ ಯಾರೂ ಮುಂಚಿತವಾಗಿ ಆಡಿರುವುದಿಲ್ಲ, ಹಾಗಾಗಿ ಸ್ನೇಹವು ಯಾವಾಗ ಪ್ರೇಮವಾಯಿತೆಂಬುದನ್ನು ಅವರಿಬ್ಬರೇ ಕಂಡುಕೊಳ್ಳಬೇಕು, ಹೇಳಿಕೊಂಡರೆ ಇರುವ ಸ್ನೇಹವೂ ಕೈತಪ್ಪೀತೆಂಬ ಅಂಜಿಕೆಯನ್ನೂ ಅವರೇ ಗೆಲ್ಲಬೇಕು. ಕಥೆಯ ಅಡ್ಡಿ ಹೀಗೆ ಹಿರಿಯರ ಜಗಲಿಯನ್ನು ಬಿಟ್ಟು ಪಾತ್ರಗಳ ಮನಸ್ಸಿನೊಳಕ್ಕೆ ಬರುತ್ತದೆ.

ಈ ಎರಡೂ ಪರಂಪರೆಗಳಲ್ಲಿ ಸಮಾನವಾಗಿ ಕಾಣುವ ಒಂದು ಅಂಶವೆಂದರೆ ನಡುವಣ ಅಗಲಿಕೆ. ಹೂವಯ್ಯ ಮೈಸೂರಿನಲ್ಲಿ ಓದುತ್ತಿದ್ದು ರಜೆಗೆ ಊರಿಗೆ ಮರಳುವುದರಿಂದಲೇ ‘ಕಾನೂರು ಹೆಗ್ಗಡಿತಿ’ ತೊಡಗುತ್ತದೆ. ಮಾನ್‌ಹ್ವಾಗಳಲ್ಲಿಯೂ ಗೆಳೆಯನೊಬ್ಬ ಬೇರೆ ಊರಿಗೆ ಹೋಗಿ ಬೆಳೆದು ಬರುವ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಮಾನವಶಾಸ್ತ್ರದಲ್ಲಿ ಒಂದು ವಿವರಣೆ ಸಿಗುತ್ತದೆ. ಎಳೆಯ ವಯಸ್ಸಿನಲ್ಲಿ ಒಂದೇ ಮನೆಯಲ್ಲಿ ಬೆಳೆದವರ ನಡುವೆ ಮುಂದೆ ದೈಹಿಕ ಆಕರ್ಷಣೆ ಹುಟ್ಟುವುದಿಲ್ಲವೆಂದು ಫಿನ್ಲೆಂಡಿನ ವಿದ್ವಾಂಸ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲಿ ಪ್ರತಿಪಾದಿಸಿದರು. ಮುಂದೆ ಸೊಸೆಯಾಗಲೆಂದು ಹೆಣ್ಣುಕೂಸನ್ನು ತಂದು ಹುಡುಗನ ಜೊತೆಯಲ್ಲೇ ಸಾಕುವ ಪದ್ಧತಿ ತೈವಾನಿನಲ್ಲಿತ್ತು. ಅದನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್, ಅಂಥ ಜೋಡಿಗಳಲ್ಲಿ ಮಕ್ಕಳು ಕಡಿಮೆಯೆಂದೂ ವಿಚ್ಛೇದನ ಹೆಚ್ಚೆಂದೂ ಕಂಡುಕೊಂಡರು. ಒಂದೇ ಮನೆಯಲ್ಲಿ ಬೆಳೆದವರ ಕುರಿತ ಈ ಮಾತನ್ನು ನೆರೆಮನೆಯ ಗೆಳೆಯರಿಗೆ ನೇರವಾಗಿ ಅನ್ವಯಿಸಲಾಗದಾದರೂ, ಕಥೆಗಾರರು ಅಗಲಿಕೆಯನ್ನು ಏಕೆ ತರುತ್ತಾರೆಂಬುದಕ್ಕೆ ಅದರಲ್ಲಿ ಸುಳಿವಿದೆ: ಪರಿಚಿತ ಮುಖವನ್ನು ಹೊಸಬರ ಮುಖದಂತೆ ನೋಡುವ ಒಂದು ಗಳಿಗೆ ಇಲ್ಲದೆ ಒಡನಾಡಿ ಪ್ರೇಮಿಯಾಗಲಾರ. ಹೈಸ್ಕೂಲು ಮುಗಿಸಿದೊಡನೆ ಮಕ್ಕಳು ಹಾಸನ, ಮಂಗಳೂರು, ಬೆಂಗಳೂರುಗಳ ಹಾಸ್ಟೆಲುಗಳಿಗೆ ಹೋಗಿ, ಕಾಫಿ ಕೊಯ್ಲಿನ ಹೊತ್ತಿಗೋ ಸುಗ್ಗಿ ಹಬ್ಬಕ್ಕೋ ಊರಿಗೆ ಬರುವ ಸಕಲೇಶಪುರದ ಕಡೆಯ ಓದುಗರಿಗೆ ಈ ಗಳಿಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದನ್ನು ಓದಬಹುದು

ಅಂಜಿಕೆಯೊಂದನ್ನೇ ಅಡ್ಡಿಯಾಗಿಟ್ಟುಕೊಂಡ ಕಥೆ ಬೇಕೆಂಬವರು ಲೀ ಯೂನ್‌ಜಿ ಅವರ ‘ಸಮ್‌ಥಿಂಗ್ ಅಬೌಟ್ ಅಸ್’ನಿಂದ ಆರಂಭಿಸುವುದು ಸೂಕ್ತ. ಗಾಯಂಗ್ ಮತ್ತು ವೂಜಿನ್ ಹಳೆಯ ಗೆಳೆಯರು, ಈಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರನ್ನು ಕಂಡವರೆಲ್ಲ ಪ್ರೇಮಿಗಳೆಂದೇ ತಿಳಿಯುತ್ತಾರೆ, ಹಾಗಲ್ಲವೆಂದು ಹೇಳುತ್ತ ಬಂದವರಿಗೆ ಆ ಮಾತನ್ನು ಹೇಳುವುದೇ ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ದೊಡ್ಡ ಘಟನೆಗಳನ್ನು ನೆಚ್ಚದೆ ಸಣ್ಣಪುಟ್ಟ ಮುಜುಗರಗಳಲ್ಲಿಯೇ ಕಥೆಯನ್ನು ನಡೆಸುವುದು ಇದರ ಶಕ್ತಿ, ಸಾವಕಾಶವಾಗಿ ಓದಲಾರದವರಿಗೆ ಅದೇ ತೊಡಕೂ ಆಗಬಹುದು.

ಹಿರಿಯರು ಗೊತ್ತುಮಾಡಿದ ಸಂಬಂಧದ ಪ್ರಶ್ನೆಯನ್ನು ಎತ್ತಿಕೊಳ್ಳುವುದರಿಂದ ಮಲೆನಾಡಿನ ಓದುಗರಿಗೆ ಹೆಚ್ಚು ಹತ್ತಿರವೆನಿಸಬಹುದಾದದ್ದು ಮೂರ್ಯು ಎಂಬ ಹೆಸರಿನಲ್ಲಿ ಬರೆಯುವ ಲೇಖಕರ ‘ಜುಲೈ ಫೌಂಡ್ ಬೈ ಚಾನ್ಸ್’. ಹೃದಯದ ಕಾಯಿಲೆಯಿರುವ ಶಾಲಾ ಬಾಲಕಿ ಡಾನ್‌ಓಗೆ ಬಾಲ್ಯದಿಂದ ನಿಶ್ಚಯವಾಗಿರುವ ಬೇಕ್ ಕ್ಯುಂಗ್ ಮೇಲೆ ಏಕಮುಖವಾದ ಪ್ರೀತಿ. ತಾನೊಂದು ಚಿತ್ರಕಥೆಯ ಸಣ್ಣ ಪಾತ್ರವೆಂದೂ ಆ ಪ್ರೀತಿಯೂ ಯಾರೋ ಬರೆದಿಟ್ಟದ್ದೆಂದೂ ಆಕೆಗೆ ತಿಳಿದುಬಂದ ಮೇಲೆ, ಬರೆದಿಟ್ಟಂತೆ ನಡೆಯಲು ಆಕೆ ಒಪ್ಪುವುದಿಲ್ಲ. ಬಾಲ್ಯದ ನಂಟು ತಾನಾಗಿಯೇ ಪ್ರೇಮದ ಹಕ್ಕನ್ನು ತಂದುಕೊಡುವುದಿಲ್ಲವೆಂದು ವಾದಿಸುವ ಈ ಕೃತಿ 2019ರಲ್ಲಿ ‘ಎಕ್ಸ್‌ಟ್ರಾರ್ಡಿನರಿ ಯೂ’ ಎಂಬ ದೂರದರ್ಶನ ಧಾರಾವಾಹಿಯಾಗಿಯೂ ಬಂದಿತು.

ಮರೆತುಹೋದ ಬಾಲ್ಯದ ಭೇಟಿಯನ್ನು ಆಧರಿಸಿದ್ದು ‘ವಾಟ್ಸ್ ರಾಂಗ್ ವಿತ್ ಸೆಕ್ರೆಟರಿ ಕಿಮ್’. ಚುಂಗ್ ಕ್ಯುಂಗ್‌ಯೂನ್ ಅವರ ಕಾದಂಬರಿಯಿಂದ ಚಿತ್ರಕಥೆಯಾಗಿ, 2018ರಲ್ಲಿ ಧಾರಾವಾಹಿಯಾಗಿ ಹೆಸರು ಮಾಡಿದ ಇದರಲ್ಲಿ, ಒಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ ಯಜಮಾನ ಮತ್ತು ಕಾರ್ಯದರ್ಶಿಯನ್ನು ಬಾಲ್ಯದ ಭೀಕರ ಘಟನೆಯೊಂದು ಬೆಸೆದಿದೆ. ಹಾಸ್ಯ ಹೆಚ್ಚು, ಓಟ ಸಲೀಸು. ಆದರೆ ಯಜಮಾನನ ಸಿರಿವಂತಿಕೆಯ ವೈಭವವನ್ನು ಕಥೆ ಸ್ವಲ್ಪವೂ ಪ್ರಶ್ನಿಸುವುದಿಲ್ಲ.

ಹೊಲಗದ್ದೆಯ ಬದುಕನ್ನು ಬಲ್ಲವರು ಬಿಡಬಾರದ ಕೃತಿ ಕಿಮ್ ಡಾಂಗ್‌ಹ್ವಾ ಅವರ ಮೂರು ಸಂಪುಟಗಳ ಕಥೆ. ‘ದ ಕಲರ್ ಆಫ್ ಅರ್ತ್’ ಎಂಬ ಮೊದಲ ಸಂಪುಟದೊಂದಿಗೆ ಇದು 2009ರಲ್ಲಿ ಇಂಗ್ಲಿಷಿಗೆ ಬಂದಿತು. ಹಳ್ಳಿಯ ಹೆಂಡದಂಗಡಿ ನಡೆಸುವ ವಿಧವೆಯ ಮಗಳು ಇಹ್ವಾ ಎಳವೆಯಿಂದ ಮದುವೆಯವರೆಗೆ ಬೆಳೆಯುವ ಈ ಕಥೆಯಲ್ಲಿ ಅವಳ ಮೊದಲ ಒಲವು ಎಳೆಯ ಬೌದ್ಧ ಭಿಕ್ಷುವೊಬ್ಬನ ಮೇಲೆ, ಬಳಿಕ ತೋಟದ ಮನೆಯ ಹುಡುಗನ ಮೇಲೆ. ಕೊನೆಗೆ ಅವಳು ಕೈಹಿಡಿಯುವುದು ಇವರಿಬ್ಬರನ್ನೂ ಅಲ್ಲ. ಬಾಲ್ಯದ ಒಲವನ್ನು ಬೆಳವಣಿಗೆಯ ಒಂದು ಹಂತವೆಂದು ಕಾಣುವ ಈ ದೃಷ್ಟಿ ಇತರ ಮಾನ್‌ಹ್ವಾಗಳಲ್ಲಿ ಅಪರೂಪ. ಇದರೊಂದಿಗೆ ಹ್ವಾಂಗ್ ಸುನ್‌ವನ್ ಅವರು 1950ರ ದಶಕದಲ್ಲಿ ಬರೆದ, ಹಳ್ಳಿಯ ಹುಡುಗ ಮತ್ತು ಪಟ್ಟಣದಿಂದ ಬಂದ ಹುಡುಗಿಯ ‘ಸೊನಾಗಿ’ ಎಂಬ ಸಣ್ಣಕಥೆಯನ್ನೂ ಓದಿದರೆ, ಕೊರಿಯಾದ ಪ್ರೇಮಕಥನದಲ್ಲಿ ಬಾಲ್ಯಕ್ಕಿರುವ ಸ್ಥಾನ ಸ್ಪಷ್ಟವಾಗುತ್ತದೆ.

ಈ ಕೃತಿಗಳನ್ನು ಇಲ್ಲಿನ ಓದುಗರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಓದಬೇಕಾಗುತ್ತದೆ. ಗುಡ್ಡಗಳ ಮರೆಯಲ್ಲಿ ನೆಟ್‌ವರ್ಕ್ ಬಂದು ಹೋಗುವ ಕಡೆ, ಚಿತ್ರಗಳ ಭಾರದಿಂದ ಕಂತು ತೆರೆಯಲು ತಡವಾಗುವುದರಿಂದ, ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಸೌಲಭ್ಯವಿರುವ ಅಧಿಕೃತ ಆ್ಯಪ್‌ಗಳು ಉಪಯುಕ್ತ. ಪ್ರೇಮಕಥೆಯೆಂಬ ಒಂದೇ ಹೆಸರಿನಡಿ ವಯಸ್ಕರಿಗೆ ಮಾತ್ರ ತಕ್ಕ ಮಾನ್‌ಹ್ವಾಗಳೂ ಇರುವುದರಿಂದ, ಮಕ್ಕಳ ಕೈಗೆ ಕೊಡುವ ಮುನ್ನ ವಯಸ್ಸಿನ ಸೂಚನೆಯನ್ನು ನೋಡುವುದು ಪಾಲಕರ ಕೆಲಸ.

ಸಕಲೇಶಪುರ, ಆಲೂರಿನ ಕಡೆಯಲ್ಲಿ ಇಂದು ಒಡನಾಡಿಯಾಗುವವರು ಅತ್ತೆಯ ಮಕ್ಕಳಷ್ಟೇ ಅಲ್ಲ. ಒಂದೇ ಶಾಲೆಯ ಬಸ್ಸು ಹತ್ತುವ ತೋಟದ ಮಾಲೀಕರ ಮಗಳೂ ಲೈನ್ ಮನೆಯ ಹುಡುಗನೂ, ಬೇರೆ ಬೇರೆ ಜಾತಿ, ಭಾಷೆ, ಮತಗಳ ಮನೆಯವರೂ ಗೆಳೆಯರಾಗುತ್ತಾರೆ. ಅಂಥವರು ಪರಸ್ಪರ ಒಲಿದರೆ, ಸ್ನೇಹ ಕಳೆದುಕೊಂಡೇವೆಂಬ ಕೊರಿಯಾದ ಅಂಜಿಕೆಯನ್ನೂ ಚಿನ್ನಮ್ಮ ದಾಟಿದ ಹಿತ್ತಿಲನ್ನೂ ಒಟ್ಟಿಗೇ ಎದುರಿಸಬೇಕಾಗುತ್ತದೆ. ಮಾನ್‌ಹ್ವಾ ಮೊದಲನೆಯದನ್ನು ಮನಗಾಣಿಸುತ್ತದೆ, ಕುವೆಂಪು ಎರಡನೆಯದನ್ನು. ಎರಡನ್ನೂ ಜೊತೆಗಿಟ್ಟು ಓದಿದ ಮಲೆನಾಡಿನ ಓದುಗರಲ್ಲೇ ಯಾರಾದರೂ ಈ ಗುಡ್ಡಗಳ ಕಥೆಯನ್ನು ಕನ್ನಡದ ಚಿತ್ರಕಥೆಯಾಗಿ ಬರೆಯಲು ಹೊರಟರೆ, ಅವರಿಗೆ ಬೇಕಾದ ಸಾಮಗ್ರಿ ಎರಡೂ ಕಡೆಯಿಂದ ಸಿದ್ಧವಾಗಿಯೇ ಇದೆ.