ಗೋಡೆ ಏಳುವ ಮುನ್ನವೇ ವೈರಿಂಗ್ ನಿರ್ಧಾರವಾಗಲಿ
ಥರ್ಮಾಕೋಲ್-ಕಾಂಕ್ರೀಟ್ ಮನೆ ಕಟ್ಟಿಸುವವರಿಗೆ ಕೆಲವು ಸಲಹೆಗಳು

ತಾಂಬರಂ: ಸೇಲೈಯೂರು, ಪೆರುಂಗಳತ್ತೂರು, ಮುಡಿಚೂರು ಕಡೆಗಳಲ್ಲಿ ಸೈಟು ಕೊಂಡು ಮನೆ ಕಟ್ಟಿಸಲು ಹೊರಟಿರುವ ನಮ್ಮ ಕನ್ನಡ ಬಾಂಧವರು ಹಲವರಿದ್ದಾರೆ. ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತಾಗ ಸಿಮೆಂಟಿನ ದರ, ಮೇಸ್ತ್ರಿಯ ಕೂಲಿ, ಬ್ಯಾಂಕಿನ ಬಡ್ಡಿ ಎಲ್ಲವೂ ಚರ್ಚೆಯಾಗುತ್ತವೆ. ಆದರೆ ಗೋಡೆಯೊಳಗೆ ಹರಿಯುವ ಕರೆಂಟಿನ ಬಗ್ಗೆ ಮಾತು ಬರುವುದು ಕಡಿಮೆ. ಅದು ಎಲೆಕ್ಟ್ರಿಷಿಯನ್ ನೋಡಿಕೊಳ್ಳುವ ಕೆಲಸವೆಂದು ಬಿಟ್ಟುಬಿಡುತ್ತೇವೆ. ಇಟ್ಟಿಗೆ ಗೋಡೆಗೆ ಇದು ಹೇಗೋ ನಡೆಯುತ್ತಿತ್ತು. ಹೊಸ ಬಗೆಯ ಕಾಂಕ್ರೀಟ್ ಗೋಡೆಗಳಿಗೆ ನಡೆಯುವುದಿಲ್ಲ.

ಏನಿದು ಹೊಸ ಗೋಡೆ?

ಎರಡು ಥರ್ಮಾಕೋಲ್ ಹಲಗೆಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೂ ಹಲಗೆಗಳನ್ನು ತೆಗೆಯುವುದಿಲ್ಲ, ಅವು ಗೋಡೆಯ ಭಾಗವಾಗಿಯೇ ಉಳಿಯುತ್ತವೆ. ಇದಕ್ಕೆ 'ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್', ಚಿಕ್ಕದಾಗಿ ಐ.ಸಿ.ಎಫ್. ಎಂದು ಹೆಸರು. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ಈ ವಿಧಾನ ಉತ್ತರ ಅಮೆರಿಕದಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಚಳಿ ತಡೆಯಲು ಹುಟ್ಟಿದ್ದಾದರೂ ಬಿಸಿಲನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತದೆ. 2003ರ ಮೇ ತಿಂಗಳ ಕೊನೆಯಲ್ಲಿ 45 ಡಿಗ್ರಿ ಬಿಸಿಲು ಕಂಡ ಚೆನ್ನೈಗೆ ಇದರ ಬೆಲೆ ಗೊತ್ತಾಗದೆ ಇರದು.

ನಮ್ಮ ದೇಶದಲ್ಲಿ ಐ.ಸಿ.ಎಫ್. ಮನೆಗಳು ಇನ್ನೂ ವಿರಳ. ಆದರೆ ಇದರ ಬಂಧುಬಳಗ ಆಗಲೇ ಬಾಗಿಲಿಗೆ ಬಂದಿದೆ. ಗಿಂಡಿಯ ಬಳಿಯ ಐ.ಐ.ಟಿ. ಮದ್ರಾಸ್ ಆವರಣದಲ್ಲಿ ಪ್ರೊ. ದೇವದಾಸ್ ಮೆನನ್ ಮತ್ತು ಪ್ರೊ. ಮೆಹರ್ ಪ್ರಸಾದ್ ಅವರ ತಂಡ 2013ರಲ್ಲಿ ಜಿಪ್ಸಂ ಫಲಕಗಳಿಂದ ನಾಲ್ಕು ಮನೆಗಳ ಎರಡಂತಸ್ತಿನ ಕಟ್ಟಡವೊಂದನ್ನು ಸುಮಾರು ಒಂದು ತಿಂಗಳಲ್ಲಿ ನಿಲ್ಲಿಸಿತು. 124 ಮಿಲಿಮೀಟರ್ ದಪ್ಪದ ಈ ಫಲಕಗಳ ಒಳಗೆ ಮೇಲಿಂದ ಕೆಳಗೆ ಟೊಳ್ಳು ಕೋಣೆಗಳಿವೆ. ಬೇಕಾದ ಕೋಣೆಗೆ ಕಂಬಿ-ಕಾಂಕ್ರೀಟ್ ತುಂಬುತ್ತಾರೆ, ವೈರಿಂಗ್ ಪೈಪನ್ನೂ ಈ ಟೊಳ್ಳಿನಲ್ಲೇ ಇಳಿಸುತ್ತಾರೆ. ತಾಂಬರಂನಿಂದ ಹೆಚ್ಚು ದೂರವಿಲ್ಲದ ಪೆರುಂಬಾಕ್ಕಂನಲ್ಲಿ ಕೇಂದ್ರ ಸರ್ಕಾರದ 'ಲೈಟ್ ಹೌಸ್' ಯೋಜನೆಯ 1,152 ಮನೆಗಳು ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳಿಂದ ಎದ್ದು, 2022ರ ಮೇ 26ರಂದು ಉದ್ಘಾಟನೆಗೊಂಡವು. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಯನ್ನೇ ಎರಕ ಹೊಯ್ಯುವ ಬಹುಮಹಡಿ ಫ್ಲಾಟುಗಳಂತೂ ಈಗ ಸಾಮಾನ್ಯ. ಇವೆಲ್ಲಕ್ಕೂ ಒಂದೇ ಮಾತು ಅನ್ವಯ: ಪೈಪು, ಬೋರ್ಡು ಎಲ್ಲಿ ಬರಬೇಕೆಂಬುದು ಕಾಂಕ್ರೀಟಿಗಿಂತ ಮೊದಲೇ ನಿರ್ಧಾರವಾಗಿರಬೇಕು.

ಇಟ್ಟಿಗೆಯ ಅಭ್ಯಾಸ ಬೇಡ

ಇಟ್ಟಿಗೆ ಮನೆಯಲ್ಲಿ ಗೋಡೆ ಎದ್ದ ಮೇಲೆ ಎಲೆಕ್ಟ್ರಿಷಿಯನ್ ಬಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ, ಕೊರೆದು ಪೈಪು ಹೂಳುತ್ತಾನೆ. ಫ್ರಿಜ್ಜಿನ ಜಾಗ ಬದಲಾದರೆ ಮತ್ತೊಮ್ಮೆ ಕೊರೆಯುತ್ತಾನೆ. ಕಾಂಕ್ರೀಟ್ ಗೋಡೆಯಲ್ಲಿ ಹೀಗೆ ಕೊರೆದರೆ ಕಟ್ಟಡದ ಭಾರ ಹೊರುವ ಕಂಬಿಗೇ ಪೆಟ್ಟು. ಜಿಪ್ಸಂ ಫಲಕವನ್ನು ಅಡ್ಡಡ್ಡ ಕತ್ತರಿಸಿದರೆ ಒಳಗಿನ ನಿಲುಪಟ್ಟಿಗಳೇ ತುಂಡಾಗುತ್ತವೆ.

ಐ.ಸಿ.ಎಫ್. ಗೋಡೆಯಲ್ಲಿ ಸ್ವಲ್ಪ ಸಡಿಲಿಕೆ ಇದೆ. ಕಾಂಕ್ರೀಟ್ ಮುಟ್ಟದೆ, ಒಳಮೈಯ ಥರ್ಮಾಕೋಲ್ ಪದರದಲ್ಲಿ ಮಾತ್ರ ಕಾಲುವೆ ತೆಗೆದು ಪೈಪು ಕೂರಿಸಬಹುದು. ಈ ಪದರ ಸಾಮಾನ್ಯವಾಗಿ ಎರಡೂವರೆ ಇಂಚಿನಷ್ಟು ದಪ್ಪ ಇರುತ್ತದೆ. ಕೆಲಸ ಸುಲಭ, ಬಿಸಿ ಚಾಕುವೇ ಸಾಕು. ಆದರೆ ಸುಲಭವೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಥರ್ಮಾಕೋಲಿನ ಸ್ವಭಾವ

ಮೊದಲನೆಯದಾಗಿ, ವೈರು ನೇರವಾಗಿ ಥರ್ಮಾಕೋಲಿಗೆ ತಾಗಬಾರದು. ಪಿ.ವಿ.ಸಿ. ವೈರಿನ ಹೊದಿಕೆಯನ್ನು ಮೆತ್ತಗಿಡಲು ಬೆರೆಸಿರುವ ಎಣ್ಣೆಯಂಥ ವಸ್ತುವನ್ನು ಥರ್ಮಾಕೋಲ್ ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಗಟ್ಟಿ ಪಿ.ವಿ.ಸಿ. ಪೈಪಿನಲ್ಲಿ ಆ ವಸ್ತು ಇರುವುದಿಲ್ಲವಾದ್ದರಿಂದ ವೈರನ್ನು ಪೈಪಿನೊಳಗೇ ಎಳೆದರೆ ಈ ತೊಂದರೆ ಇಲ್ಲ. ಪೈಪಿನ ಖರ್ಚು ಉಳಿಸುವ ಗುತ್ತಿಗೆದಾರನಿಗೆ ಇಲ್ಲಿ ಖಡಾಖಂಡಿತವಾಗಿ ಬೇಡ ಎನ್ನಿ.

ಎರಡನೆಯದು ಬಿಸಿ. ಹೊರಗಿನ ಸೆಕೆ ತಡೆಯುವ ಥರ್ಮಾಕೋಲ್ ವೈರಿನ ಬಿಸಿಯನ್ನೂ ಹೊರಬಿಡುವುದಿಲ್ಲ. ಅರ್ಧ ಮೀಟರಿಗಿಂತ ಉದ್ದಕ್ಕೆ ಸುತ್ತಲೂ ಇಂಥ ಪದರದಿಂದ ಮುಚ್ಚಿಹೋದ ವೈರಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಬೇಕೆಂದು ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಹೇಳುತ್ತದೆ. ಸಾಮಾನ್ಯ ಪಿ.ವಿ.ಸಿ. ವೈರು ತಾಳುವುದು 70 ಡಿಗ್ರಿಯವರೆಗೆ. ಅದಕ್ಕಿಂತ ತುಸು ಮೇಲಕ್ಕೆ ಹೋದರೆ ಥರ್ಮಾಕೋಲೂ ಮೆತ್ತಗಾಗತೊಡಗುತ್ತದೆ. ಆದ್ದರಿಂದ ಕಾಲುವೆಯನ್ನು ಕಾಂಕ್ರೀಟಿನವರೆಗೆ ತೆಗೆದು, ಪೈಪು ಕಾಂಕ್ರೀಟಿಗೆ ಒರಗುವಂತೆ ಕೂರಿಸುವುದು ಒಳ್ಳೆಯದು. ಬಿಸಿ ಕಾಂಕ್ರೀಟಿಗೆ ಇಳಿಯುತ್ತದೆ, ಮೊಳೆಯಿಂದಲೂ ಪೈಪು ದೂರವಿರುತ್ತದೆ. ಎ.ಸಿ., ಗೀಸರ್‌ಗಳಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಪ್ರತಿಯೊಂದಕ್ಕೂ ಬೇರೆ ಎಂ.ಸಿ.ಬಿ. ಇರಲಿ.

ಮೂರನೆಯದು ಬೆಂಕಿ. ಥರ್ಮಾಕೋಲನ್ನು ಎಲ್ಲೂ ತೆರೆದಿಡಬಾರದು. ಮೇಲೆ ಜಾಲರಿ ಹಾಕಿದ ಗಾರೆ ಅಥವಾ ಅರ್ಧ ಇಂಚಿನ ಜಿಪ್ಸಂ ಬೋರ್ಡು ಇರಲೇಬೇಕು. ಸ್ವಿಚ್ ಬೋರ್ಡಿನ ಪೆಟ್ಟಿಗೆ ಲೋಹದ್ದಾಗಿರಲಿ, ಅದನ್ನು ಹಿಂದಿನ ಕಾಂಕ್ರೀಟಿಗೆ ಸ್ಕ್ರೂ ಹಾಕಿ ಬಿಗಿಯಲಿ, ಅರ್ತ್ ಕೊಡಲಿ. ಥರ್ಮಾಕೋಲಿಗೆ ಅಂಟಿಸಿದ ಪೆಟ್ಟಿಗೆ ಪ್ಲಗ್ ಎಳೆದೆಳೆದು ಸಡಿಲವಾಗುತ್ತದೆ. ಸಡಿಲವಾದ ಜೋಡಣೆಯಲ್ಲೇ ಕಿಡಿ ಹುಟ್ಟುವುದು.

ಕಾಂಕ್ರೀಟ್ ಸುರಿಯುವ ಹಿಂದಿನ ದಿನ

ಮಂಚ, ಫ್ರಿಜ್ಜು, ವಾಷಿಂಗ್ ಮೆಷಿನ್, ದೇವರ ಮನೆಯ ದೀಪ, ಇನ್ವರ್ಟರ್ ಇವುಗಳ ಜಾಗವನ್ನು ಮನೆಮಂದಿಯೆಲ್ಲ ಕೂತು ನಕ್ಷೆಯ ಮೇಲೆ ಗುರುತಿಸಿ. ಈ ಮಾತಿಗೆ ಅಡುಗೆಮನೆಯಲ್ಲಿ ದುಡಿಯುವವರು ಕಡ್ಡಾಯವಾಗಿ ಇರಲಿ. ಮಿಕ್ಸಿ, ಗ್ರೈಂಡರ್ ಎಲ್ಲಿ ಬರಬೇಕೆಂದು ಅವರಿಗಷ್ಟೇ ಗೊತ್ತು.

ಗೋಡೆ ದಾಟಿ ಹೋಗಬೇಕಾದ ಮೀಟರಿನ ಕೇಬಲ್, ಅರ್ತ್ ತಂತಿ, ಎ.ಸಿ. ಕೊಳವೆ, ಇಂಟರ್ನೆಟ್ ಎಲ್ಲಕ್ಕೂ ಮೊದಲೇ ಪೈಪಿನ ತುಂಡು ಇಡಿಸಿ; ಒಂದೆರಡು ಹೆಚ್ಚುವರಿ ಇದ್ದರೆ ಮುಂದೆ ಉಪಕಾರ. ಪೈಪಿನ ಬಾಯಿ ಮುಚ್ಚಿರಲಿ, ಕಂಬಿಗೆ ಭದ್ರವಾಗಿ ಕಟ್ಟಿರಲಿ. ಇಲ್ಲದಿದ್ದರೆ ವೈಬ್ರೇಟರ್ ಆಡುವಾಗ ಜಾರಿ, ಒಳಗೆ ಸಿಮೆಂಟು ನುಗ್ಗುತ್ತದೆ. ಪೈಪುಗಳು ಬೋರ್ಡಿನಿಂದ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಮಾತ್ರ ಹೋಗಲಿ. ಆಗ ನಾಳೆ ಫೋಟೋ ತೂಗುಹಾಕಲು ಮೊಳೆ ಹೊಡೆಯುವವನಿಗೂ ಎಲ್ಲಿ ಹೊಡೆಯಬಾರದೆಂದು ತಿಳಿಯುತ್ತದೆ. ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದು, ಮನೆಯ ಪತ್ರಗಳ ಜೊತೆಗೇ ಜೋಪಾನವಾಗಿಡಿ.

ನೀರು ನುಗ್ಗುವ ಊರು

2015ರ ಡಿಸೆಂಬರಿನಲ್ಲಿ ಅಡ್ಯಾರ್ ಉಕ್ಕಿ ಮುಡಿಚೂರು, ವರದರಾಜಪುರಂ ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಇಂಥ ಕಡೆ ನೆಲಮಹಡಿಯ ಪ್ಲಗ್ಗುಗಳನ್ನು ಹಳೆಯ ನೀರಿನ ಗುರುತಿಗಿಂತ ಮೇಲಿಟ್ಟು, ಪೈಪನ್ನು ಮೇಲಿನಿಂದ ಇಳಿಸಿ. ನೆಲಮಹಡಿಗೆ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಅದನ್ನಷ್ಟೇ ಆರಿಸಿ ಮೇಲಿನ ಮನೆಯಲ್ಲಿ ಇರಬಹುದು. ನೀರು ಇಳಿದ ಮೇಲೂ ಪೈಪಿನೊಳಗೆ ತೇವ ಉಳಿಯುತ್ತದೆ. ಮೆಗ್ಗರ್ ಯಂತ್ರದಿಂದ ಪರೀಕ್ಷಿಸಿ, ಕನಿಷ್ಠ 1 ಮೆಗಾಓಮ್ ಬಂದ ನಂತರವೇ ಮೇನ್ ಹಾಕಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಎಲ್ಲ ಮನೆಗೂ ಬೇಕೇ ಬೇಕು. ಎಂ.ಸಿ.ಬಿ. ವೈರನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯರನ್ನು ಕಾಯುತ್ತದೆ.

ಸಾಲದ ಕಂತಿನ ಲೆಕ್ಕ

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ನೋಡುವ ನಮ್ಮಂಥವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಸಾಲದ ಹಣ ಪಾಯ, ಗೋಡೆ, ಮಾಳಿಗೆ, ಕೊನೆಯ ಕೆಲಸ ಎಂದು ಹಂತಹಂತವಾಗಿ ಬರುತ್ತದೆ. ವೈರಿಂಗ್ ಖರ್ಚನ್ನು ಎಲ್ಲರೂ ಕೊನೆಯ ಕಂತಿಗೆ ಬರೆದಿರುತ್ತಾರೆ. ಕಾಂಕ್ರೀಟ್ ಗೋಡೆಯ ಮನೆಗೆ ಪೈಪು, ಪೆಟ್ಟಿಗೆಗಳ ಹಣ ಗೋಡೆಯ ಹಂತದಲ್ಲೇ ಕೈಯಲ್ಲಿರಬೇಕು. ಇಲ್ಲವಾದರೆ ಅಗ್ಗದ ಪೈಪು, ಅವಸರದ ಕೆಲಸ ಗೋಡೆಯೊಳಗೆ ಶಾಶ್ವತವಾಗಿ ಹೂತುಹೋಗುತ್ತದೆ. ಎಸ್ಟಿಮೇಟ್ ಮಾಡಿಸುವಾಗಲೇ ಇಂಜಿನಿಯರಿಗೆ ಇದನ್ನು ಹೇಳಿ, ಬ್ಯಾಂಕಿಗೂ ತಿಳಿಸಿ.

ಕೆಲಸವನ್ನು ತಮಿಳುನಾಡು ಎಲೆಕ್ಟ್ರಿಕಲ್ ಲೈಸೆನ್ಸಿಂಗ್ ಬೋರ್ಡಿನ ಪರವಾನಗಿ ಇರುವವರಿಗೇ ಕೊಡಿ. ಕೊನೆಯದಾಗಿ, ಮೇನ್ ಬೋರ್ಡಿನ ಪ್ರತಿ ಸ್ವಿಚ್ಚಿನ ಕೆಳಗೆ ಅದು ಯಾವ ಕೋಣೆಗೆ ಸೇರಿದ್ದೆಂದು ಕನ್ನಡ, ತಮಿಳು ಎರಡರಲ್ಲೂ ಬರೆಸಿ. ಊರಿನಿಂದ ಬಂದಿರುವ ಅಜ್ಜ-ಅಜ್ಜಿ ಮನೆಯಲ್ಲಿ ಒಬ್ಬರೇ ಇದ್ದಾಗ ಕನ್ನಡ ಬೇಕು, ರಿಪೇರಿಗೆ ಬರುವ ಹುಡುಗನಿಗೆ ತಮಿಳು ಬೇಕು. ಹೊಗೆ ಕಂಡ ಗಳಿಗೆಯಲ್ಲಿ ಯಾವ ಸ್ವಿಚ್ಚೆಂದು ಹುಡುಕುತ್ತಾ ನಿಲ್ಲುವಂತಾಗಬಾರದು.