ಒಲೆಯ ಉರಿಯ ಜಮಾಖರ್ಚು

ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆಯು ಸಮೀಪಿಸಿದಂತೆ ಒಂದು ದೂರು ಕೇಳಿಬರುವುದುಂಟು. ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವುದು ಬಹು ಕಷ್ಟ. ಕಲಿತರೂ ಅದರಿಂದ ಪ್ರಯೋಜನವೇನು? ಇದಕ್ಕೆ ಉತ್ತರವು ನಮ್ಮ ಅಡಿಗೆಮನೆಯಲ್ಲಿಯೇ ಇರುವುದೆಂದು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶವು.

ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರು ಉದ್ದದ ಅನಿಲದ ಕೊಳವೆಮಾರ್ಗವು 2021ನೆಯ ಇಸವಿ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಅದರಲ್ಲಿ ಹರಿಯುವ ನೈಸರ್ಗಿಕ ಅನಿಲದ ಮುಖ್ಯಾಂಶವು ಮೀಥೇನು. ಇದರ ಒಂದು ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಜಲಜನಕದವು ನಾಲ್ಕು. ಗಾಳಿಯೊಳಗಿನ ಆಮ್ಲಜನಕದೊಡನೆ ಇದು ಚೆನ್ನಾಗಿ ಉರಿದಾಗ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹುಟ್ಟುವುವು.

ಈಗ ಲೆಕ್ಕವನ್ನು ಬರೆಯೋಣ. ಎಡಗಡೆ ಮೀಥೇನಿನ ಒಂದು ಅಣು, ಆಮ್ಲಜನಕದ ಒಂದು ಅಣು. ಬಲಗಡೆ ಇಂಗಾಲದ ಡೈಆಕ್ಸೈಡಿನ ಒಂದು ಅಣು, ನೀರಿನ ಒಂದು ಅಣು. ಇಂಗಾಲವು ಸರಿಯಾಯಿತು. ಜಲಜನಕವಾದರೋ ಎಡಗಡೆ ನಾಲ್ಕು, ಬಲಗಡೆ ಎರಡೇ. ರಾಸಾಯನಿಕ ಕ್ರಿಯೆಯಲ್ಲಿ ವಸ್ತುವು ಹೊಸದಾಗಿ ಹುಟ್ಟದು, ಇಲ್ಲದಂತಾಗದು ಎಂದು ಫ್ರಾನ್ಸ್ ದೇಶದ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಸಾರಿರುವನು. ಆದುದರಿಂದ ನೀರಿನ ಅಣುಗಳು ಎರಡಿರಬೇಕು. ಆಗ ಬಲಗಡೆ ಆಮ್ಲಜನಕದ ಪರಮಾಣುಗಳು ಒಟ್ಟು ನಾಲ್ಕಾಗುವುವು. ಅಣುವೊಂದಕ್ಕೆ ಎರಡು ಪರಮಾಣುಗಳಂತೆ, ಎಡಗಡೆಗೂ ಆಮ್ಲಜನಕದ ಎರಡು ಅಣುಗಳು ಬೇಕು. ತೂಗಿ ನೋಡಿದರೂ ಹಾಗೆಯೇ: 16 ಗ್ರಾಂ ಮೀಥೇನು, 64 ಗ್ರಾಂ ಆಮ್ಲಜನಕ, ಕೂಡಿ 80, 44 ಗ್ರಾಂ ಇಂಗಾಲದ ಡೈಆಕ್ಸೈಡು, 36 ಗ್ರಾಂ ನೀರು, ಅದೂ 80.

ಮಕ್ಕಳು ಎಡವುವುದು ಒಂದೆಡೆಯಲ್ಲಿ. ಅಣುಗಳ ಸಂಖ್ಯೆಯನ್ನು ಬದಲಿಸದೆ ಸೂತ್ರದೊಳಗಿನ ಸಣ್ಣ ಅಂಕೆಯನ್ನೇ ತಿದ್ದಿಬಿಡುವರು. ನೀರಿನ ಸೂತ್ರದಲ್ಲಿ ಆಮ್ಲಜನಕವನ್ನು ಎರಡು ಮಾಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡೆಂಬ ಬೇರೆಯೇ ದ್ರವ. ಎಷ್ಟೆಂಬುದನ್ನು ಬದಲಿಸಬಹುದು, ಏನೆಂಬುದನ್ನು ಬದಲಿಸಲಾಗದು.

ಗೃಹಸ್ಥರು ಗಮನಿಸತಕ್ಕ ವಿಷಯವು ಮುಂದಿನದು. ಒಂದು ಪಾಲು ಮೀಥೇನಿಗೆ ಎರಡು ಪಾಲು ಆಮ್ಲಜನಕವೆಂದರೆ ಸುಮಾರು ಹತ್ತು ಪಾಲು ಗಾಳಿ. ಆಟಿ ತಿಂಗಳ ಜಡಿಮಳೆಗೆ ಕಿಟಕಿಗಳನ್ನು ಮುಚ್ಚಿ, ಬಚ್ಚಲುಮನೆಯೊಳಗೆ ಅನಿಲದ ಗೀಸರನ್ನು ಉರಿಸಿದರೆ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಎರಡು ಅಣು ಮೀಥೇನಿಗೆ ನಾಲ್ಕರ ಬದಲು ಮೂರೇ ಅಣು ಆಮ್ಲಜನಕವು ದೊರೆತರೆ, ನೀರು ನಾಲ್ಕು ಅಣು, ಇಂಗಾಲದ ಮಾನಾಕ್ಸೈಡು ಎರಡು ಅಣು ಆಗುವುವು. ಈ ಲೆಕ್ಕವೂ ಸರಿಯಾಗಿಯೇ ಇದೆ! ಆದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಆ ವಾಯುವು ವಿಷ; ರಕ್ತವು ಆಮ್ಲಜನಕವನ್ನು ಒಯ್ಯದಂತೆ ತಡೆದು ಪ್ರಾಣವನ್ನೇ ತೆಗೆಯಬಲ್ಲುದು.

ಸಿಲಿಂಡರಿನ ಅನಿಲಕ್ಕೂ ಇದೇ ನಿಯಮ. ಆದುದರಿಂದ ಗೀಸರನ್ನು ಸ್ನಾನದ ಕೋಣೆಯ ಹೊರಗಿಡುವುದು ಲೇಸು, ಒಲೆಯಿರುವಲ್ಲಿ ಗಾಳಿಯಾಡಬೇಕು. ನೀಲಿಯಾಗಿರಬೇಕಾದ ಉರಿಯು ಹಳದಿಯಾದರೆ ಒಲೆಯನ್ನು ಪರೀಕ್ಷಿಸಿರಿ. ತಲೆನೋವು, ತಲೆಸುತ್ತು ಬಂದರೆ ಒಡನೆ ಬಯಲಿಗೆ ಬನ್ನಿರಿ.

ಈ ಸಂಜೆ ಮಕ್ಕಳಿಗೊಂದು ಲೆಕ್ಕವನ್ನು ಕೊಡಿರಿ. ಸಿಲಿಂಡರಿನಲ್ಲಿರುವ ಪ್ರೋಪೇನಿನ ಅಣುವಿನಲ್ಲಿ ಇಂಗಾಲವು ಮೂರು, ಜಲಜನಕವು ಎಂಟು. ಪೂರ್ಣವಾಗಿ ಉರಿಯಲು ಆಮ್ಲಜನಕದ ಅಣುಗಳು ಎಷ್ಟು ಬೇಕು? ಐದೆಂದು ಉತ್ತರ ಬಂದರೆ ಪಾಠವು ತಿಳಿಯಿತೆಂದು ಭಾವಿಸಬಹುದು. ಅಡಿಗೆಮನೆಯ ಕಿಟಕಿಯನ್ನು ಏಕೆ ತೆರೆದಿಡಬೇಕೆಂಬುದೂ ತಿಳಿಯಿತು.