ಬಾಲ್ಸ್ ಪಿರಮಿಡ್ಡಿನ ಕಡ್ಡಿಕೀಟ ಯಾವ ಜಾತಿಯದು?

ದ್ವೀಪಗಳ ಕೀಟಗಳನ್ನು ಬರೀ ಮೈಕಟ್ಟು ನೋಡಿ ವಿಂಗಡಿಸಿದರೆ ನಂಟೇ ಇಲ್ಲದವನ್ನು ಒಂದೇ ಕುಲಕ್ಕೆ ಸೇರಿಸುವ ಅಪಾಯವಿದೆ, ಒಂದೇ ಜಾತಿಯನ್ನು ಎರಡಾಗಿ ಒಡೆಯುವ ಅಪಾಯವೂ ಇದೆ. ಆಸ್ಟ್ರೇಲಿಯದ ಪೂರ್ವಕ್ಕೆ ಕಡಲಲ್ಲಿರುವ ಲಾರ್ಡ್ ಹೋವ್ ದ್ವೀಪದ ಕಡ್ಡಿಕೀಟದ ವಿಷಯದಲ್ಲಿ ಮೊದಲನೆಯದು ನಡೆದೇ ಹೋಗಿತ್ತು. ರೆಕ್ಕೆಯಿಲ್ಲದ, ಗೇಣುದ್ದಕ್ಕೆ ಹತ್ತಿರ ಬೆಳೆಯುವ, ದಪ್ಪ ಕಾಲಿನ ಈ ಕಪ್ಪು ಕೀಟ ನ್ಯೂಗಿನಿಯ ‘ಟ್ರೀ ಲಾಬ್‌ಸ್ಟರ್’ ಕೀಟಗಳನ್ನು ಎಷ್ಟು ಹೋಲುತ್ತಿತ್ತೆಂದರೆ, ಅವೆಲ್ಲ ಒಂದೇ ವಂಶದವೆಂದು ತಜ್ಞರು ನಂಬಿದ್ದರು. 2009ರಲ್ಲಿ ಡಿಎನ್‌ಎ ಹೋಲಿಸಿದಾಗ ಬೇರೆಯೇ ನಂಟು ಹೊರಬಿತ್ತು: ಇದರ ಹತ್ತಿರದ ಬಂಧುಗಳು ಆಸ್ಟ್ರೇಲಿಯದ ಕಡೆಯ ಕಡ್ಡಿಕೀಟಗಳು. ಹಗಲೆಲ್ಲ ಪೊಟರೆಯಲ್ಲೋ ನೆಲದ ಮೇಲೋ ಅಡಗಿರುವ ಬದುಕು, ಬೇರೆಬೇರೆ ವಂಶಗಳ ಮೈಯನ್ನು ಒಂದೇ ರೀತಿ ತಿದ್ದಿತ್ತು. ಇನ್ನೂ ಅಚ್ಚರಿಯೆಂದರೆ, ಈ ಕವಲು ಒಡೆದು ಅಂದಾಜು ಎರಡು ಕೋಟಿ ವರ್ಷ ಆಗಿದೆ. ದ್ವೀಪದ ವಯಸ್ಸು ಸುಮಾರು 70 ಲಕ್ಷ ವರ್ಷ ಮಾತ್ರ. ಈಗ ಕಡಲಲ್ಲಿ ಮುಳುಗಿರುವ ಹಳೆಯ ದ್ವೀಪಗಳಿಂದ ಇದರ ಪೂರ್ವಜರು ದಾಟಿ ಬಂದಿರಬೇಕು.

ಎರಡನೆಯ ಅಪಾಯ ಎದುರಾದ ಕತೆ ಇದಕ್ಕೂ ಮೊದಲೇ ಶುರುವಾಗಿತ್ತು. 1918ರಲ್ಲಿ ‘ಮಕಾಂಬೊ’ ಹಡಗು ದ್ವೀಪದ ಬಳಿ ನೆಲಕಚ್ಚಿದಾಗ ಅದರಿಂದಿಳಿದ ಇಲಿಗಳು ಕೆಲವೇ ವರ್ಷಗಳಲ್ಲಿ ಕೀಟಗಳನ್ನು ತಿಂದು ಮುಗಿಸಿದವು. ಅಳಿದೇಹೋಯಿತೆಂದುಕೊಂಡಿದ್ದಾಗ 2001ರಲ್ಲಿ, 23 ಕಿಲೋಮೀಟರ್ ಆಚೆ ಸಮುದ್ರದಿಂದ ಐನೂರು ಮೀಟರಿಗೂ ಎತ್ತರಕ್ಕೆ ಎದ್ದುನಿಂತ ಬಾಲ್ಸ್ ಪಿರಮಿಡ್ ಎಂಬ ಬಂಡೆಯಲ್ಲಿ ಕೆಲವೇ ಕೀಟಗಳು ಸಿಕ್ಕವು. ಅಲ್ಲಿಂದ ತಂದ ಜೋಡಿಗಳಿಂದ ಮೆಲ್ಬರ್ನ್ ಮೃಗಾಲಯದಲ್ಲಿ ಸಂತತಿ ಬೆಳೆಯಿತು. ಆದರೆ ಸಂಗ್ರಹಾಲಯದಲ್ಲಿ ಉಳಿದಿದ್ದ ಹಳೆಯ ಮಾದರಿಗಳಿಗೂ ಇವಕ್ಕೂ ರೂಪದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು. ಇದು ಅದೇ ಕೀಟವೇ? 2017ರಲ್ಲಿ ಜಪಾನಿನ ಓಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಂಗಡಿಗರು ಆ ಒಣಗಿದ ಮಾದರಿಗಳಿಂದಲೇ ಡಿಎನ್‌ಎ ತೆಗೆದು ಹೋಲಿಸಿದರು. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಕಂಡ ಅಂತರ ಶೇ. 1ಕ್ಕಿಂತ ಕಡಿಮೆ. ಒಂದೇ ಜಾತಿಯೆಂದು ತೀರ್ಮಾನವಾಯಿತು.

ಹಾಗಾದರೆ ರೂಪದ ಅಧ್ಯಯನವನ್ನು ಕೈಬಿಟ್ಟು ಡಿಎನ್‌ಎಯನ್ನೇ ನಂಬಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಾನು ಒಪ್ಪುವುದಿಲ್ಲ. ಮೈಟೊಕಾಂಡ್ರಿಯ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಅದು ಹೇಳುವುದು ಅರ್ಧ ವಂಶಾವಳಿ. ಶೇ. 1 ಎಂಬುದು ಪ್ರಕೃತಿ ಎಳೆದ ಗೆರೆಯೂ ಅಲ್ಲ. ರೂಪ ನೋಡಿ ಹೆಸರಿಟ್ಟ ಸಾವಿರಾರು ಜಾತಿಗಳ ಪಕ್ಕದಲ್ಲಿ ಇಟ್ಟಾಗಲೇ ಆ ಅಂಕಿಗೆ ಅರ್ಥ ಬರುವುದು. ಇಲ್ಲಿ ಪ್ರಶ್ನೆ ಹುಟ್ಟಿದ್ದೂ ಕಾಲಿನ, ಮೈಯ ಅಳತೆಯಿಂದಲೇ. ಒಂದು ಸಾಕ್ಷಿ ಅನುಮಾನ ಎತ್ತಿತು, ಇನ್ನೊಂದು ಉತ್ತರಿಸಿತು.

ಹೆಸರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಉತ್ತರ ಆ ದ್ವೀಪದಲ್ಲೇ ಇದೆ. 2019ರಲ್ಲಿ ಅಲ್ಲಿ ಇಲಿಗಳನ್ನು ನಿರ್ಮೂಲ ಮಾಡುವ ದೊಡ್ಡ ಕಾರ್ಯಾಚರಣೆ ನಡೆಯಿತು. ಇಲಿಗಳು ತೊಲಗಿದರೆ ಕೀಟವನ್ನು ಮತ್ತೆ ಅಲ್ಲಿ ಬಿಡಬಹುದು. ಆದರೆ ಅದು ಬೇರೆ ಜಾತಿಯದಾಗಿದ್ದರೆ ಹಾಗೆ ಬಿಡುವುದೆಂದರೆ ಹೊರಗಿನ ಜೀವಿಯೊಂದನ್ನು ದ್ವೀಪಕ್ಕೆ ಸೇರಿಸಿದಂತೆ. ಅದೇ ಜಾತಿಯಾದ್ದರಿಂದ ಅದು ತವರಿಗೆ ಮರಳಿದಂತೆ. ಈ ಭರವಸೆ ದೊರೆತದ್ದು ಯಾರೋ ನೂರು ವರ್ಷದ ಹಿಂದೆ ಪಿನ್ನು ಚುಚ್ಚಿಟ್ಟ ಕೆಲವು ಕೀಟಗಳಿಂದ. ಸಂಗ್ರಹಾಲಯಗಳ ಆ ಪೆಟ್ಟಿಗೆಗಳನ್ನು ಕಾಯಲು ಸರ್ಕಾರಗಳು ಹಣ ಕೊಡಲೇಬೇಕು.